ಮೊರ ಜೋಳಕ್ಕೆ ಕೊಂಡ ಮಗಳು

ಕೋರ್ಟಿನ ಹಿಂಭಾಗದ ಕೋಣೆಯಲ್ಲಿ ಅವತ್ತು ಸೇರಿದ್ದವರು ಬೆರಳೆಣಿಕೆಯ ಮಂದಿ. ಮಕ್ಕಳ ವಿಚಾರಣೆಯನ್ನು ಕಳ್ಳಕಾಕರ ಕಟಕಟೆಯ ಎದುರು ನಡೆಸಬಾರದು ಎಂದು ಮದರಾಸಿನ ಸರ್ಕಾರದ ಕಾನೂನಿತ್ತು. ಹಾಗಾಗಿ ಹಳೆಯ ಕಡತ ತುಂಬಿಡುತ್ತಿದ್ದ ಕೋಣೆಯೊಂದನ್ನು ಗುಡಿಸಿ, ಮೇಜೊಂದು, ಕುರ್ಚಿಗಳೊಂದಿಷ್ಟು ಹಾಕಿ, ಇದೇ ಮಕ್ಕಳ ಕೋರ್ಟು ಅಂದುಬಿಟ್ಟಿದ್ದರು. ಮೇಜಿನ ಹಿಂದೆ ಮ್ಯಾಜಿಸ್ಟ್ರೇಟರು. ತಂಜಾವೂರಿನ ಕಡೆಯವರು, ಮೆತ್ತನೆ ಮಾತು. ತೆಲುಗು ಚೆನ್ನಾಗಿ ಬರುತ್ತಿತ್ತು, ಕನ್ನಡ ಅರ್ಧಂಬರ್ಧ. ಅವರ ಪಕ್ಕದಲ್ಲಿ, ಸಾಕ್ಷಿಗಳು ಹೇಳಿದ್ದನ್ನು ಇಂಗ್ಲಿಷಿಗೆ ಇಳಿಸುವ ಗುಮಾಸ್ತ. ಗೋಡೆಗೆ ಒರಗಿದಂತೆ ಪೊಲೀಸ್ ಸಬ್ ಇನ್ಸ್‌ಪೆಕ್ಟರು. ಗೋದಾವರಿ ಸೀಮೆಯಿಂದ ವರ್ಗವಾಗಿ ಬಂದವರು. ಮಕ್ಕಳು ಹೆದರಬಾರದೆಂದು ಖಾಕಿ ಬಿಟ್ಟು ಬರಬೇಕಿತ್ತು. ಬಿಳಿ ಪಂಚೆ ಉಟ್ಟು ಬಂದಿದ್ದರು, ಕಾಲಲ್ಲಿ ಮಾತ್ರ ಪೊಲೀಸ್ ಬೂಟು ಹಾಗೇ ಇತ್ತು. ಬಾಗಿಲ ಹತ್ತಿರ ಒಬ್ಬ ಹೆಂಗಸು ನಿಂತಿದ್ದಳು. ಹತ್ತಿಯ ಬೀಜ ಬಿಡಿಸುವ ಜಿನ್ನಿನಿಂದ ನೇರ ಬಂದಿದ್ದಳೋ ಏನೋ, ತಲೆಗೂದಲಿಗೆ ಅರಳೆ ಅಂಟಿತ್ತು. ಅವಳಿಗೂ ಮೇಜಿಗೂ ನಡುವೆ, ದೊಡ್ಡವರ ಕುರ್ಚಿಯಲ್ಲಿ, ಎಂಟೊಂಬತ್ತು ವರ್ಷದ ಹುಡುಗಿ. ಕಾಲು ನೆಲಕ್ಕೆ ಮುಟ್ಟದೆ ಅವನ್ನು ತೂಗಾಡಿಸುತ್ತ ಕೂತಿದ್ದಳು. ಇನ್ನು ನಾನು, ಸರ್ಕಾರಿ ವಕೀಲ.

ಯುದ್ಧ ಇನ್ನೂ ಮುಗಿದಿರಲಿಲ್ಲ. ಸರ್ಕಾರಿ ವಕೀಲರಲ್ಲಿ ನಾನೇ ಕಿರಿಯ. ಕೊಲೆ, ದರೋಡೆ, ಜಮೀನಿನ ತಂಟೆಗಳೆಲ್ಲ ಹಿರಿಯರ ಪಾಲು. ಯಾರ ಹೆಸರೂ ಪತ್ರಿಕೆಯಲ್ಲಿ ಬಾರದ ಈ ಮಕ್ಕಳ ಕೇಸುಗಳು ನನ್ನ ಪಾಲು. ಕೆಲಸವೇನೋ ಸರಳ ಅನ್ನಿಸುತ್ತಿತ್ತು. ದಿಕ್ಕಿಲ್ಲದ ಮಗುವೊಂದು ಸಿಕ್ಕರೆ ಅದನ್ನು ಯಾರ ಕೈಗೆ ಕೊಡುವುದು ಲೇಸು ಎಂದು ಸರ್ಕಾರದ ಪರವಾಗಿ ಹೇಳಬೇಕು. ಆದರೆ ಒಂದೊಂದು ಕೇಸು ಮುಗಿದಾಗಲೂ ಮನೆಗೆ ನೆಟ್ಟಗೆ ಹೋಗಲಾಗದೆ ಕೋಟೆ ಗುಡ್ಡದ ಬುಡದ ರಸ್ತೆಯಲ್ಲಿ ಒಂದು ಸುತ್ತು ಹಾಕಿಯೇ ಹೋಗುತ್ತಿದ್ದೆ. ನಮ್ಮ ದೊಡ್ಡವ್ವ, ಅಂದರೆ ತಾಯಿಯ ಅಕ್ಕ, ನನ್ನನ್ನು ಸಾಕಿದಾಕೆ, ಅದನ್ನು ಕಂಡು ಹೇಳುತ್ತಿದ್ದಳು: “ನೀ ಕೋರ್ಟಿಗಿ ಹೋಗೀಯೋ, ಬೆಕ್ಕು ಮರಿ ಕಳಕೊಂಡಂಗ ತಿರುಗಾಕ ಹೋಗೀಯೋ?”

ಈ ಹುಡುಗಿ ಸಿಕ್ಕಿದ್ದು ಕಂಟೋನ್ಮೆಂಟಿನಲ್ಲಿ. ಇಟಲಿಯ ಸೆರೆಯಾಳುಗಳನ್ನು ಇಟ್ಟಿದ್ದ ಕ್ಯಾಂಪಿನ ತಂತಿ ಬೇಲಿಯ ಹತ್ತಿರ ಬಾರಿಹಣ್ಣು ಮಾರುತ್ತ ತಿರುಗುತ್ತಿದ್ದಳಂತೆ. ಒಬ್ಬಳೇ. ಅಲ್ಲಿ ಸಣ್ಣ ಹೆಣ್ಣುಮಕ್ಕಳು ಓಡಾಡುವುದು ಒಳ್ಳೆಯದಲ್ಲ ಎಂದು ಪೊಲೀಸರು ಕರೆದುಕೊಂಡು ಬಂದರು, ಅದರಲ್ಲಿ ತಪ್ಪೇನಿಲ್ಲ. ಸಂಜೆ ಜಿನ್ನು ಬಿಟ್ಟಮೇಲೆ ಈ ಹೆಂಗಸು ಕೌಲ್ ಬಜಾರಿನ ಗಲ್ಲಿಗಲ್ಲಿ ಹುಡುಕಿ, ಕೊನೆಗೆ ಠಾಣೆಗೆ ಬಂದಳು. ಮಗಳನ್ನು ಕೊಡಿ ಎಂದಳು. ಅಲ್ಲಿ ಆದ ಒಂದೆರಡು ಮಾತಿನಿಂದ ಕೇಸು ಬೇರೆಯೇ ಆಗಿಹೋಯಿತು. ಆ ಮಾತು ಈಗ ಮ್ಯಾಜಿಸ್ಟ್ರೇಟರ ಎದುರು ಮತ್ತೊಮ್ಮೆ ನಡೆಯಿತು. ಅವರು ತೆಲುಗಿನಲ್ಲಿ ಕೇಳಿದರು, ಅವಳು ಕನ್ನಡದಲ್ಲಿ ಹೇಳಿದಳು. ನಮ್ಮ ಊರಲ್ಲಿ ಅದಕ್ಕೆ ಯಾರೂ ಬೆರಗಾಗುತ್ತಿರಲಿಲ್ಲ.

ಹುಡುಗಿ ನಿನ್ನ ಮಗಳೇನು ಎಂದರು.

“ಹೌದ್ರಿ ದೊರಿ.”

ಹೆತ್ತದ್ದು ನೀನೇ ಏನು?

“ಇಲ್ರಿ. ಹಡೆದಾಕಿ ಬ್ಯಾರೆ. ನಾ ಕೊಂಡೀನಿ.”

ಏನು ಕೊಟ್ಟು ಕೊಂಡೆ?

“ಒಂದು ಮೊರ ಜ್ವಾಳ ಕೊಟ್ಟೀನ್ರಿ. ತುಂಬಿದ ಮೊರ ಐತಿ ಮತ್ತ, ಒಂದು ಕಾಳು ಕಡಿಮಿ ಕೊಟ್ಟಿಲ್ಲ. ಬೇಕಾದ್ರ ಸಿರುಗುಪ್ಪದಾಗ ಕೇಳ್ರಿ.”

ಜೋಳ ಕಡಿಮೆ ಕೊಟ್ಟೆ ಎಂಬ ಆರೋಪ ತನ್ನ ಮೇಲಿದೆ ಎಂದು ಅವಳು ತಿಳಿದಿದ್ದಳು. ಗುಮಾಸ್ತ ತಲೆಯೆತ್ತದೆ ಬರೆದುಕೊಂಡ. ಮದರಾಸಿನ ಕಾಗದಪತ್ರಗಳಲ್ಲಿ ಜೋಳಕ್ಕೆ ಚೋಳಂ ಎಂದೇ ಬರೆಯುವುದು. ಒಂದು ಮೊರ ಚೋಳಂ ಬೆಲೆಗೆ ಹೆಣ್ಣು ಶಿಶುವನ್ನು ಖರೀದಿಸಿದ್ದಾಗಿ ಸಾಕ್ಷಿ ಒಪ್ಪಿಕೊಂಡಿದ್ದಾಳೆ ಎಂದು ಅವನು ಇಂಗ್ಲಿಷಿನಲ್ಲಿ ಓದಿದಾಗ, ಸಬ್ ಇನ್ಸ್‌ಪೆಕ್ಟರು ಬೂಟು ಸರಿಸಿ ನೆಟ್ಟಗೆ ನಿಂತರು.

“ಚೂಶಾರಾ ಸರ್, ನೋಡಿದಿರಾ? ತಾನೇ ಒಪ್ಪಿಕೊಂಡಳು,” ಎಂದರು. ಹುಡುಗಿಯನ್ನು ದಿಕ್ಕಿಲ್ಲದ ಮಕ್ಕಳನ್ನಿಡುವ ಮದರಾಸಿನ ಸರ್ಟಿಫೈಡ್ ಸ್ಕೂಲಿಗೆ ಕಳಿಸಬೇಕು, ಹೆಂಗಸಿನ ಮೇಲೆ ಬೇರೆ ಕೇಸು ಹಾಕಬೇಕು, ಇದು ಅವರ ವರದಿ. ಕೆಟ್ಟ ಮನುಷ್ಯರಲ್ಲ ಅವರು. ಯುದ್ಧಕಾಲದಲ್ಲಿ ಹೆಣ್ಣುಮಕ್ಕಳನ್ನು ನಿಜವಾಗಿಯೇ ಕೊಂಡು ಮಾರುವವರನ್ನು ಅವರು ಕಂಡಿದ್ದರು. ತಮ್ಮ ಊರ ಕಡೆ ಇಲ್ಲದ ಪದ್ಧತಿ ಅವರಿಗೆ ಹೇಗೆ ತಿಳಿಯಬೇಕು?

ನನಗೆ ತಿಳಿದಿತ್ತು. ನಮ್ಮ ತಂದೆಯ ಅಣ್ಣನೊಬ್ಬರನ್ನು ಹೀಗೇ ‘ಮಾರಿದ್ದರು.’ ಹುಟ್ಟಿದ ಮಕ್ಕಳು ಒಂದರ ಹಿಂದೊಂದು ಸಾಯುತ್ತಿದ್ದ ಮನೆಯಲ್ಲಿ, ಹೊಸ ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಡುತ್ತಾರೆ. ನಮಗೆ ಬೇಡವಾದದ್ದು ಎಂದು ಸಾವಿಗೆ ತೋರಿಸುವುದಕ್ಕೆ. ಮೊದಲೇ ಮಾತಾಡಿಕೊಂಡ ಹೆಂಗಸೊಬ್ಬಳು ದಾರಿಯಲ್ಲಿ ಹೋಗುತ್ತಿದ್ದವಳಂತೆ ಬಂದು, ಅದನ್ನೆತ್ತಿಕೊಂಡು, ಅದೇ ಮೊರದ ತುಂಬ ಜೋಳ ಹಾಕಿ ತಾಯಿಗೆ ಕೊಡುತ್ತಾಳೆ. ಅಲ್ಲಿಂದ ಕೂಸು ಅವಳದು. ತಾಯಿ ಹಾಲು ಕೊಟ್ಟು ಸಾಕುತ್ತಾಳೆ, ಆದರೆ ಪರರ ಕೂಸು ಸಾಕಿದಂತೆ. ಹಲ್ಲು ಹುಟ್ಟಿ ಕೂಸು ಗಟ್ಟಿಯಾಯಿತು ಅನ್ನಿಸಿದ ಮೇಲೆ ತಾಯಿ ಜೋಳ ತಿರುಗಿ ಕೊಡುತ್ತಾಳೆ, ಕೊಂಡವಳು ಕೂಸನ್ನು ತಾಯಿಯ ಉಡಿಯಲ್ಲಿ ಹಾಕುತ್ತಾಳೆ. ಅಷ್ಟೇ.

ಎದ್ದು ನಿಂತು ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದೆ. ತಿಪ್ಪೆ ಎಂಬಲ್ಲಿ ಬಂದಾಗ ಮ್ಯಾಜಿಸ್ಟ್ರೇಟರ ಹುಬ್ಬು ಮೇಲೇರಿತು. ಎಲ್ಲ ಕೇಳಿ, “ನೀವು ಹೇಳುವುದು ನಿಜವಿರಬಹುದು,” ಎಂದರು. “ಆದರೆ ಅದನ್ನು ನೀವು ಹೇಳಿದರೆ ಆಗುವುದಿಲ್ಲ, ವಕೀಲರೇ. ಆ ತಾಯಿ ಎಲ್ಲಿ?”

“ಸತ್ತು ಹೋದ್ಲ್ರಿ, ಕೂಸಿಗಿ ಹಲ್ಲು ಬರೋ ಮೊದ್ಲ,” ಎಂದಳು ಹೆಂಗಸು. “ನನ್ನ ಕೂಸು ಆಗ ಸತ್ತಿತ್ತು, ಎದಿಯಾಗ ಹಾಲಿತ್ತು. ಯಾರು ಬಂದು ಬಿಡಿಸಿಕೊಳ್ಳಬೇಕಿತ್ತೋ ಆಕೀನೇ ಹೋದಮ್ಯಾಲೆ… ನಂದು ನಾ ನಮ್ಮೂರು ಕುರುಗೋಡಿಗಿ ಒಯ್ದೆ.”

“ತಂದೆ?”

“ಸಿರುಗುಪ್ಪದಾಗ ಇರಬೇಕ್ರಿ. ನಾ ಹೋಗಿಲ್ಲ.” ಈ ಮಾತು ಹೇಳುವಾಗ ಅವಳ ದನಿ ಇಳಿಯಿತು.

ತಂದೆಗೆ ಸಮನ್ಸ್ ಹೋಗಲಿ, ಅಲ್ಲಿಯವರೆಗೆ ಹುಡುಗಿ ಕಂಟೋನ್ಮೆಂಟಿನ ಅನಾಥಾಲಯದಲ್ಲಿ ಇರಲಿ ಎಂದು ಆದೇಶವಾಯಿತು. ಹುಡುಗಿಯನ್ನು ಕುರ್ಚಿಯಿಂದ ಇಳಿಸುವಾಗ ಅವಳು ಅಳಲಿಲ್ಲ. “ಯವ್ವಾ, ಬಾರಿಹಣ್ಣಿನ ಬುಟ್ಟಿ ಪೊಲೀಸಪ್ಪನ ಕಡಿ ಐತಿ, ಇಸಗೋ,” ಎಂದಳು. ಸಬ್ ಇನ್ಸ್‌ಪೆಕ್ಟರು ಕಿಟಕಿಯಾಚೆಯ ಗುಡ್ಡದ ಕಡೆ ನೋಡಿದರು. ಹಣ್ಣು ಆಗಲೇ ಖಾಲಿಯಾಗಿದ್ದಿರಬೇಕು.

ಅವತ್ತು ಗುಡ್ಡದ ರಸ್ತೆಯಲ್ಲಿ ಸುತ್ತುತ್ತಿರುವಾಗ ವಿಷಯದ ಪೂರ್ತಿ ರೂಪ ನನಗೆ ಕಂಡಿತು. ಕಂಡ ಮೇಲೆ ಒಂದು ಸುತ್ತು ಸಾಲದಾಯಿತು. ತಂದೆ ಬಂದು ‘ನಿಜವಾಗಿ ಮಾರಿದೆ’ ಎಂದರೆ ಹುಡುಗಿ ಮದರಾಸಿಗೆ, ಈ ಹೆಂಗಸು ಜೈಲಿಗೆ. ‘ಮಾರಲಿಲ್ಲ, ಪದ್ಧತಿಗೆ ಕೊಟ್ಟಿದ್ದೆ’ ಎಂದರೆ ಹೆಂಗಸಿನ ಮೇಲೆ ಕೇಸು ನಿಲ್ಲುವುದಿಲ್ಲ, ಸರಿ. ಆದರೆ ಆಗ ಹುಡುಗಿ ಕಾನೂನಿನ ಪ್ರಕಾರ ತಂದೆಯ ಮಗಳು. ಕೈ ಹಿಡಿದು ಸಿರುಗುಪ್ಪಕ್ಕೆ ಕರೆದೊಯ್ದರೆ ಕೇಳುವವರಿಲ್ಲ. ಯಾವ ದಾರಿಯಲ್ಲಿ ಹೋದರೂ, ಹಾಲು ಕೊಟ್ಟು ಸಾಕಿದವಳ ಕೈ ಖಾಲಿ.

ಮನೆಯಲ್ಲಿ ಊಟಕ್ಕೆ ಕೂತು ಎರಡು ಸಲ ಎದ್ದೆ. ದೊಡ್ಡವ್ವ ತಾಟಿನ ಮುಂದೆ ಕೈಕಟ್ಟಿ ಕೂತು, “ಅನ್ನದ ಮ್ಯಾಲೆ ಏನು ಸಿಟ್ಟು?” ಎಂದು ಕೇಳಿದಳು. ಹೇಳಿದೆ. “ಕೊಂಡಾಕಿ ಬಿಡಿಸಿಕೊಡ್ಲಿಲ್ಲ ಅಂದ್ರ ಕೂಸಿನ ಜೀವಕ್ಕ ಕೇಡು ಅಂತಾರಪ್ಪ. ಅಂವ ಜ್ವಾಳ ತಂದ ಅಂದ್ರ ಆಕಿ ಒಲ್ಲೆ ಅನ್ನಾಂಗಿಲ್ಲ,” ಎಂದಳು. ಇದೊಂದು ಬಾಕಿ ಇತ್ತು ನನ್ನ ನೆಮ್ಮದಿಗೆ.

ಆ ವಾರಗಳಲ್ಲಿ ಬೇರೆ ಕೇಸುಗಳನ್ನು ಹೇಗೆ ನಡೆಸಿದೆನೋ ತಿಳಿಯದು. ಮಧ್ಯಾಹ್ನ ಬಿಡುವಾದಾಗ ಕಾಲು ತಾನಾಗಿ ಕಂಟೋನ್ಮೆಂಟಿನ ಕಡೆ ಹೋಗುತ್ತಿತ್ತು. ಅನಾಥಾಲಯದ ಬೇವಿನ ಮರದ ಕೆಳಗೆ ಹುಡುಗಿಯನ್ನು ಕಳಿಸಿಕೊಡುತ್ತಿದ್ದರು. ಮೊದಲ ದಿನವೇ ಅವಳು ನನ್ನನ್ನು ಮೇಲಿಂದ ಕೆಳಗೆ ಅಳೆದಳು.

“ನೀವು ಯಾರ ಕಡಿ ವಕೀಲ್ರು?”

“ಸರ್ಕಾರದ ಕಡೆ.”

“ಸರ್ಕಾರಕ್ಕ ನನ್ನ ಮ್ಯಾಲೆ ಸಿಟ್ಟೈತೇನ್ರಿ?”

“ಇಲ್ಲವ್ವ. ನೀನು ಚೆನ್ನಾಗಿರಬೇಕು ಅಂತ ಸರ್ಕಾರಕ್ಕೆ ಆಸೆ.”

“ಮತ್ತ ಚಂದ ಇದ್ನಲ್ರಿ,” ಎಂದಳು. “ಬೇಲಿ ಆಕಡಿ ದೊರಿಗಳು ನನ್ನ ಕಂಡ್ರ ಹಾಡು ಹಾಡ್ತಿದ್ರು. ಒಬ್ಬಾಂವಗ ನಾ ಕನ್ನಡ ಕಲಿಸೀನಿ. ‘ಬಾರಿಹಣ್ಣು ಕೊಡವ್ವಾ’ ಅಂತಾನ, ‘ಲೇ’ ಅಂತಾನ. ‘ಲೇ’ ಅನ್ನಬ್ಯಾಡ, ನಾ ಹೆಣಮಗಳು ಅದೀನಿ ಅಂದ್ರ ನಗತಾನ.”

“ನಿಮ್ಮಪ್ಪ ಬರ್ತಾನೆ, ಗೊತ್ತಾ?”

“ನನಗ ಅಪ್ಪ ಇಲ್ರಿ. ಅವ್ವ ಹೇಳ್ಯಾಳ, ನಾ ತಿಪ್ಪಿಯಾಗ ಸಿಕ್ಕೀನಿ.” ಹೀಗೆ ಉಳಿದ ಮಕ್ಕಳಿಗೆ ಇಡುವಂತೆ ಅವಳ ಹೆಸರಿನಲ್ಲೂ ತಿಪ್ಪೆ ಸೇರಿತ್ತು. ನಾಚಿಕೆಯಾಗಲಿ ನೋವಾಗಲಿ ಇರಲಿಲ್ಲ ಅವಳ ಮಾತಿನಲ್ಲಿ. ತಾನು ಎಲ್ಲರಿಗಿಂತ ಬೇರೆ ರೀತಿ ಬಂದವಳು ಎಂಬ ಬಿಂಕವಿತ್ತು.

ನಾನು ಹೊರಡುವಾಗ ಗೇಟಿನ ಹೊರಗೆ ಆ ಹೆಂಗಸು ಕೂತಿರುತ್ತಿದ್ದಳು. ಜಿನ್ನಿನ ಊಟದ ಬಿಡುವಿನಲ್ಲಿ ಅಷ್ಟು ದೂರ ಓಡಿ ಬರುವುದು, ಹುಡುಗಿಯ ದನಿ ಕೇಳಿಸಿಕೊಂಡು ಓಡಿ ಹೋಗುವುದು. ಒಳಗೆ ಬಿಡುವುದು ಬೇಡ ಎಂದು ಪೊಲೀಸರು ಹೇಳಿದ್ದರು. ಅವಳು ನನ್ನನ್ನು ಬೇರೇನೂ ಕೇಳುತ್ತಿರಲಿಲ್ಲ. “ಅಂವ ಬರ್ತಾನ್ರಿ?” ಇಷ್ಟೇ. ಬರಲಿ ಎಂದು ಹೇಳಲೋ, ಬಾರದಿರಲಿ ಎನ್ನಲೋ ನನಗೇ ತಿಳಿಯದೆ, “ನೋಡೋಣವ್ವ,” ಎಂದು ಹೆಜ್ಜೆ ಹಾಕುತ್ತಿದ್ದೆ.

ಕೂತಲ್ಲಿ ಕೂರಲಾರದೆ ಒಂದು ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದೆ. ಪೆಟ್ರೋಲು ಸಿಗದ ಕಾಲ. ಬಸ್ಸಿನ ಹಿಂದೆ ಇದ್ದಿಲು ಉರಿಸುವ ಒಲೆ ಕಟ್ಟಿರುತ್ತಿದ್ದರು; ಏರು ಬಂದಾಗಲೆಲ್ಲ ಇಳಿದು ತಳ್ಳುವುದು, ಮತ್ತೆ ಹತ್ತುವುದು. ತೆಕ್ಕಲಕೋಟೆ ದಾಟುವ ಹೊತ್ತಿಗೆ ನನ್ನ ಕರಿಕೋಟಿಗೂ ಮುಖಕ್ಕೂ ವ್ಯತ್ಯಾಸ ಉಳಿದಿರಲಿಲ್ಲ. ಸಿರುಗುಪ್ಪದಲ್ಲಿ ಕಾಲುವೆಯ ಪಕ್ಕ ಭತ್ತದ ಗದ್ದೆಗಳ ಅಂಚಿಗೆ ಆತನ ಮನೆ. ಗದ್ದೆ ಯಾರದೋ, ಕೂಲಿ ಇವನದು. ನಾನು ಯಾರೆಂದು ತಿಳಿದ ಕೂಡಲೇ ಕಂಬಳಿ ಹಾಸಿದ. ಆಮೇಲೆ ಅದೇ ಉಸಿರಿನಲ್ಲಿ ಜಗಳಕ್ಕೆ ನಿಂತ.

“ನಿಮ್ಮ ಪೊಲೀಸಪ್ಪ ಬಂದು ಚಾವಡಿ ಮುಂದ ನಿಂತು ಸಮನ್ಸ್ ಓದಿ ಹೋದ್ನಲ್ರಿ ಸ್ವಾಮಿ! ಅವತ್ತಿನಿಂದ ಮಂದಿ ನನಗ ಏನಂತಾರ ಗೊತ್ತೈತೇನು? ಮಗಳ್ನ ಜ್ವಾಳಕ್ಕ ಮಾರಿದಾಂವ ಅಂತಾರ. ಗದ್ದಿಯಾಗ ನಾಟಿ ಹಚ್ಚೋ ಹೆಣಮಕ್ಕಳು ನನ್ನ ಕಂಡು ‘ಕಾಕಾ, ನಾ ಎಷ್ಟು ಮೊರಕ್ಕ ಹೋಗ್ತೀನಿ?’ ಅಂತ ಕೇಳ್ತಾರ!”

“ನೀನು ಮಾರಿದೆಯೇನಪ್ಪ?”

“ಥೂ! ಕಟ್ಟಿಕೊಂಡಾಕಿ ನಾಕು ಕೂಸು ಮಣ್ಣಿಗಿ ಹಾಕಿದ್ಲು. ಐದನೇದು ಉಳೀಲಿ ಅಂತ ತಿಪ್ಪಿಗಿ ಹಾಕಿದ್ವಿ. ಕೂಸು ಉಳೀತು, ಆಕಿ ಹೋದ್ಲು. ಹಲ್ಲು ಬರ್ಲಿ, ಹೋಗಿ ಬಿಡಿಸಿಕೊಂಡು ಬರ್ತೀನಿ ಅಂದ್ಕೊಂಡೆ. ಆಮ್ಯಾಲೆ ಸುಗ್ಗಿ ಬಂತು. ಆಮ್ಯಾಲೆ ಈಕಿ ಬಂದ್ಲು…” ಎಂದು ಒಳಗೆ ಕೈ ತೋರಿಸಿದ.

‘ಈಕಿ’, ಎರಡನೆಯ ಹೆಂಡತಿ, ಸೊಂಟದಲ್ಲೊಂದು ಕೂಸು, ಸೀರೆ ಹಿಡಿದುಕೊಂಡ ಎರಡು ಮಕ್ಕಳೊಂದಿಗೆ ಬಾಗಿಲಿಗೆ ಬಂದಳು. “ನನ್ನ ಮ್ಯಾಲ್ಯಾಕ ಹಾಕ್ತೀ? ನಾ ಬ್ಯಾಡ ಅಂದಿದ್ನ್ಯಾ?” ಎಂದು ಅವನಿಗೆ ಹೇಳಿ, ನನ್ನ ಕಡೆ ತಿರುಗಿದಳು. “ಬರ್ಲಿ ಬಿಡ್ರಿ ಸ್ವಾಮಿ. ದೊಡ್ಡಾಕಿ ಆಗ್ಯಾಳಂತ. ಕೂಸು ಎತ್ತಿಕೊಂಡು ಕುಂದ್ರಾಕ ನನಗ ಒಂದು ಜೀವ ಆಗ್ತತಿ.”

“ಜ್ವಾಳ ತರ್ತೀನಿ,” ಎಂದು ಅವನು ತೊಡೆ ತಟ್ಟಿದ. “ಕೋರ್ಟಿನಾಗೇ ಕೊಡ್ತೀನಿ, ನಿಮ್ಮ ದೊರಿ ಮುಂದ. ಮಗಳ್ನ ಕರಕೊಂಡು ಇದೇ ಚಾವಡಿ ಮುಂದ ಬರ್ತೀನಿ. ಆಗ ನಗಲಿ ಮಂದಿ.”

ಒಳ್ಳೆಯ ಮಜ್ಜಿಗೆ ಕೊಟ್ಟರು. ಕುಡಿದೆ. ತಿರುಗಿ ಬರುವಾಗ ಬಸ್ಸು ತಳ್ಳಲು ಇಳಿದವನು ಮತ್ತೆ ಹತ್ತುವ ಮನಸ್ಸಾಗದೆ ಅದರ ಪಕ್ಕದಲ್ಲೇ ನಡೆಯುತ್ತಿದ್ದೆ. “ಟಿಕೀಟು ತಗೊಂಡು ನಡಕೊಂಡು ಬರೋ ಗಿರಾಕಿ ನೀವೊಬ್ರೇ ನೋಡ್ರಿ,” ಎಂದ ಕಂಡಕ್ಟರು.

ಇನ್ನೊಂದು ದಾರಿ ಇದೆಯೇ ಎಂದು ಕಾನೂನಿನ ಪುಸ್ತಕ ತಿರುವಿದೆ. ಇತ್ತು. ಮಗುವನ್ನು ತಂದೆಗೂ ಕೊಡದೆ, ಶಾಲೆಗೂ ಕಳಿಸದೆ, ಬೇರೆ ‘ತಕ್ಕ ವ್ಯಕ್ತಿ’ಯ ವಶಕ್ಕೆ ಒಪ್ಪಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿತ್ತು. ಆದರೆ ಬದುಕಿರುವ ತಂದೆ, ಕೆಟ್ಟವನಲ್ಲದ ತಂದೆ, ನನ್ನ ಮಗಳು ಬೇಕು ಎಂದು ನಿಂತಿರುವಾಗ ಯಾವ ಮ್ಯಾಜಿಸ್ಟ್ರೇಟರು ಹಾಗೆ ಮಾಡಿಯಾರು? ಅವನಾಗಿ ಒಪ್ಪಬೇಕು. ಅವನೋ ತೊಡೆ ತಟ್ಟಿ ಕೂತಿದ್ದಾನೆ. ಆದರೂ ಕೈಯಲ್ಲಿ ಏನಾದರೂ ಇರಲಿ ಎಂದು ಕುರುಗೋಡಿಗೆ ಹೋಗಿ ಆ ಹೆಂಗಸಿನ ಮನೆ ನೋಡಿಬಂದೆ. ಗಂಡ ಸತ್ತಿದ್ದ. ದೊಡ್ಡ ಬಸವಣ್ಣನ ಗುಡಿಯ ಹಿಂದಿನ ಓಣಿಯಲ್ಲಿ ಕಲ್ಲಿನ ಒಂದಂಕಣದ ಮನೆ, ಬೀಗ ಹಾಕಿತ್ತು. ಜಿನ್ನಿನ ಹಂಗಾಮು ಮುಗಿದರೆ ತಾಯಿ ಮಗಳು ಇಲ್ಲಿಗೇ ಬರುವುದು. ಪಕ್ಕದ ಮನೆಯ ಮುದುಕಿಯನ್ನು ಕೇಳಿದೆ. ಹುಡುಗಿಯನ್ನು ಹೇಗೆ ನೋಡಿಕೊಳ್ಳುತ್ತಾಳೆ, ಹೊಡೆಯುತ್ತಾಳೆಯೇ, ಹೊಟ್ಟೆಗೆ ಹಾಕುತ್ತಾಳೆಯೇ, ಹೆತ್ತವಳಲ್ಲವಲ್ಲ ಎಂದೆಲ್ಲ.

ಮುದುಕಿ ಕಿವಿಯ ಹತ್ತಿರ ಕೈ ಹಿಡಿದು ಕೇಳಿಸಿಕೊಂಡು, “ಆಕಿ ಹಡೆದಿಲ್ಲಾ?” ಎಂದು ಬಾಯಿ ತೆರೆದಳು. “ನಮಗ ಇವತ್ತ ಗೊತ್ತಾತು ನೋಡಪ್ಪ.” ನಾನು ಹೋಗಿ ಅವಳ ಗುಟ್ಟು ರಟ್ಟು ಮಾಡಿದಂತಾಯಿತಲ್ಲ ಎಂದು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮುದುಕಿಯೇ ನಕ್ಕಳು. “ಹೊಡೀತಾಳ. ಯಾಕ ಹೊಡ್ಯಂಗಿಲ್ಲ? ಹಡೆದಾಕಿ ಹೊಡದಂಗ ಹೊಡೀತಾಳ, ಆಮ್ಯಾಲೆ ಹಡೆದಾಕಿ ಅತ್ತಂಗ ಅಳ್ತಾಳ.”

ವಿಚಾರಣೆಯ ದಿನ ಅದೇ ಕೋಣೆ, ಅದೇ ಜನ. ಜೊತೆಗೆ ಸಿರುಗುಪ್ಪದ ಗಂಡ ಹೆಂಡತಿ. ಅವನ ಕಂಕುಳಲ್ಲಿ ಹೊಸ ಮೊರ, ತಲೆಯ ಮೇಲೆ ಜೋಳದ ಗಂಟು. ಧಾನ್ಯದ ಸಾಗಣೆಯ ಮೇಲೆ ಸರ್ಕಾರದ ಹಿಡಿತವಿದ್ದ ದಿನಗಳು. ಊರ ಬಾಗಿಲಲ್ಲೇ ಪೊಲೀಸರು ತಡೆದು, ಎಲ್ಲಿಗೆ ಸಾಗಿಸುತ್ತೀ ಎಂದು ಕೇಳಿದರಂತೆ. “ಮಗಳ್ನ ಬಿಡಿಸಾಕ ಒಯ್ತೀನಿ ಅಂದ್ರ ನಗತಾರ್ರಿ!” ಎಂದು ಕೋಣೆಗೆ ಬಂದವನೇ ನನಗೆ ದೂರು ಹೇಳಿದ. ಹುಡುಗಿ ಕುರ್ಚಿಯಿಂದ ಕತ್ತು ಚಾಚಿ ಅವನನ್ನು ನೋಡಿದಳು. ಸಾಕಿದವಳು ಅವನನ್ನು ನೋಡಲಿಲ್ಲ. ಮೊರ ನೋಡಿದಳು.

ಅವನ ಸಾಕ್ಷಿ ಬೇಗ ಮುಗಿಯಿತು. ಮಾರಲಿಲ್ಲ, ಕೂಸು ಉಳಿಯಲೆಂದು ಕೊಟ್ಟದ್ದು ಎಂದ. ಸಬ್ ಇನ್ಸ್‌ಪೆಕ್ಟರು ಎರಡು ಮೂರು ಥರ ತಿರುಗಿಸಿ ಕೇಳಿದರು. ಅವನು ಪ್ರತಿಸಲವೂ ದನಿ ಏರಿಸಿದ. ಮ್ಯಾಜಿಸ್ಟ್ರೇಟರು ಲೇಖನಿ ಕೆಳಗಿಟ್ಟರು. ಮಾರಾಟದ ಮಾತು ಬಿದ್ದುಹೋಯಿತು, ಹೆಂಗಸಿನ ಮೇಲೆ ಕೇಸಿಲ್ಲ ಎಂದರು. ಮರುಕ್ಷಣವೇ ಅವರು, “ಹಾಗಾದರೆ ತಂದೆ ಮಗಳನ್ನು ಕರೆದುಕೊಂಡು ಹೋಗಬಹುದಲ್ಲ? ಸರ್ಕಾರದ ಅಭಿಪ್ರಾಯವೇನು?” ಎಂದು ನನ್ನ ಕಡೆ ನೋಡಿದರು.

ನಾನು ಎದ್ದೆ. ಹುಡುಗಿಯನ್ನು ಒಂದು ಮಾತು ಕೇಳಬೇಕು ಎಂದೆ. ಅವರು ಕೇಳಿದರು: ಅಪ್ಪನ ಜೊತೆ ಹೋಗುತ್ತೀಯಾ?

“ಅವ್ವನೂ ಬರ್ತಾಳೇನ್ರಿ?” ಎಂದಳು.

ಅಷ್ಟರಲ್ಲಿ ಅವಳ ತಂದೆ ನೆಲದ ಮೇಲೆ ಮೊರ ಇಟ್ಟು, ಗಂಟು ಬಿಚ್ಚಿ ಜೋಳ ಸುರಿಯತೊಡಗಿದ್ದ. ಮೊರ ತುಂಬಿ ಸುತ್ತಲೂ ಕಾಳು ಚೆಲ್ಲಿತು. “ತಗೋ ತಂಗೀ,” ಎಂದ ಸಾಕಿದವಳಿಗೆ. “ನಿಂದೇನೂ ಇಟ್ಟುಕೊಂಡಿಲ್ಲ ನಾ. ನಂದು ನನಗ ಕೊಡು.”

ಅವಳು ಒಲ್ಲೆ ಎನ್ನಲಿಲ್ಲ. ದೊಡ್ಡವ್ವ ಹೇಳಿದ್ದು ನಿಜವೇ ಆಗಿತ್ತು. ಮೇಜಿನ ಹತ್ತಿರ ಬಂದು, ಹುಡುಗಿಯನ್ನು ಕುರ್ಚಿಯಿಂದ ಎತ್ತಿದಳು. ಅಷ್ಟು ದೊಡ್ಡ ಹುಡುಗಿಯನ್ನು, ಕೂಸನ್ನು ಎತ್ತಿದ ಹಾಗೆ. “ನಾ ತಕರಾರು ಮಾಡಂಗಿಲ್ರಿ ದೊರಿ. ಮಾಡಿದ್ರ ಇದರ ಆಯುಷ್ಯಕ್ಕ ಬರ್ತತಿ,” ಎಂದಳು. ಆಮೇಲೆ ಎರಡನೆಯ ಹೆಂಡತಿಯ ಎದುರು ಹೋಗಿ ನಿಂತಳು. “ಉಡಿ ಒಡ್ಡವ್ವಾ. ಹಡೆದಾಕಿ ಇಲ್ಲ, ಆಕಿ ಜಾಗದಾಗ ನೀ ಅದೀ. ‘ನನ್ನ ಹೊಟ್ಟಿ ಕೂಸು’ ಅಂತ ಹೇಳಿ ಇಸಗೋ.”

“ಏಮಂಟುಂದಿ?” ಅವಳು ಏನನ್ನುತ್ತಿದ್ದಾಳೆ ಎಂದು ಮ್ಯಾಜಿಸ್ಟ್ರೇಟರು ನನ್ನನ್ನು ಕೇಳಿದರು. ಹೇಳಿದೆ. ನಡುವೆ ಬಾಯಿ ಹಾಕಬಾರದು ಎಂದು ಅವರಿಗೂ ಅನ್ನಿಸಿರಬೇಕು; ಸುಮ್ಮನೆ ಕುರ್ಚಿಗೆ ಒರಗಿದರು.

ಎರಡನೆಯ ಹೆಂಡತಿ ಕಂಕುಳ ಕೂಸನ್ನು ಗಂಡನಿಗೆ ಕೊಟ್ಟು, ಸೆರಗಿನ ಎರಡು ಚುಂಗು ಹಿಡಿದು ಉಡಿ ಒಡ್ಡಿದಳು. ಬಾಯಿ ತೆರೆದಳು. ಗಂಡ, “ಹೇಳಲೇ, ಏನು ನೋಡ್ತಿ?” ಎಂದ. ಅವಳು ಹುಡುಗಿಯ ಮುಖ ನೋಡಿದಳು, ಸಾಕಿದವಳ ಮುಖ ನೋಡಿದಳು. ಸೆರಗು ಬಿಟ್ಟುಬಿಟ್ಟಳು.

“ನಾ ಹೇಳಂಗಿಲ್ಲ,” ಎಂದಳು.

“ಲೇ!”

“ಲೇ ಅನ್ನು, ಗೀ ಅನ್ನು, ಹೇಳಂಗಿಲ್ಲ. ಮನೀಗಿ ಬಂದು ಇದ್ರ ಇರ್ಲಿ, ರೊಟ್ಟಿ ಹಾಕ್ತೀನಿ. ಆದ್ರ ಉಡಿ ಒಡ್ಡಿ ನನ್ನ ಹೊಟ್ಟಿದು ಅಂತ ಸುಳ್ಳು ಹೇಳಂಗಿಲ್ಲ ನಾನು. ನನಗೂ ಮೂರು ಅದಾವು.” ಮಕ್ಕಳ ಮೇಲೆ ಬರುವ ಕೇಡಿಗೆ ಹೆದರಿದಳೋ, ಎದುರಿಗಿದ್ದವಳ ಮುಖ ನೋಡಲಾರದೆ ಹೋದಳೋ, ನನಗೆ ಇಂದಿಗೂ ತಿಳಿಯದು. ಎರಡೂ ಇರಬಹುದು.

ಸಾಕಿದವಳು ಹುಡುಗಿಯನ್ನು ಎತ್ತಿಕೊಂಡೇ ನಿಂತಿದ್ದಳು. ಹಾಕಲು ಉಡಿ ಇಲ್ಲದೆ ಹೇಗೆ ಹಾಕಿಯಾಳು? ಅವನು ಮೊರದ ಪಕ್ಕ ಕುಸಿದು ಕೂತ. ಕಂಕುಳ ಕೂಸು ಅಳತೊಡಗಿತು.

ಮಾತಾಡುವ ಹೊತ್ತು ಇದೇ ಎಂದು ನನಗೆ ಗೊತ್ತಾಯಿತು. ಇಂಗ್ಲಿಷು ಬಿಟ್ಟು ನೇರವಾಗಿ ಅವನನ್ನೇ ಕೇಳಿದೆ: “ನಿನಗೆ ಬೇಕಾದದ್ದು ಏನಪ್ಪ? ಮಗಳು ನಿನ್ನ ಮನೆಯಲ್ಲಿ ಕೂಸು ಆಡಿಸುತ್ತ ಇರಬೇಕೋ, ನೀನು ಮಗಳನ್ನು ಮಾರಿದವನಲ್ಲ ಎಂದು ಊರಿಗೆ ತಿಳಿಯಬೇಕೋ?”

ಅವನು ಜೋಳದಲ್ಲಿ ಬೆರಳಾಡಿಸಿದ. “ಮಂದಿ ಮಾತು ಕೇಳಾಕಾಗವಲ್ದ್ರಿ,” ಎಂದ.

ಹಾಗಾದರೆ ಮಾರಾಟವೇ ನಡೆದಿಲ್ಲ ಎಂದು ಕೋರ್ಟು ಬರೆಯುತ್ತದೆ, ಅದನ್ನು ಸಮನ್ಸ್ ಓದಿದ ಅದೇ ಚಾವಡಿಯ ಮುಂದೆ ಓದಿಸುವ ಹೊಣೆ ಸರ್ಕಾರದ್ದು ಎಂದೆ. ಸಬ್ ಇನ್ಸ್‌ಪೆಕ್ಟರ ಕಡೆ ನೋಡಿದೆ. ಅವರು ಬೂಟು ನೋಡಿಕೊಂಡು, “ನಾನೇ ಹೋಗಿ ಓದುತ್ತೇನೆ,” ಎಂದರು. ಅದು ಅವರ ದೊಡ್ಡತನ. ಹುಡುಗಿ ಮಾತ್ರ ಸಾಕಿದವಳ ವಶದಲ್ಲೇ ಇರಲಿ, ತಂದೆಯ ಒಪ್ಪಿಗೆಯ ಮೇಲೆ; ಇದು ಸರ್ಕಾರದ ಅಭಿಪ್ರಾಯ ಎಂದು ಮ್ಯಾಜಿಸ್ಟ್ರೇಟರಿಗೆ ಅರಿಕೆ ಮಾಡಿದ್ದಾಯಿತು. ಕುರುಗೋಡಿನ ಮನೆಯ ವಿಷಯ ಹೇಳಿದೆ. ಮುದುಕಿಯ ಮಾತನ್ನು ಅವರಿಗೆ ತೆಲುಗಿನಲ್ಲಿ ಹೇಳಿದಾಗ ಮೊದಲ ಬಾರಿಗೆ ನಕ್ಕರು.

ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ತಂದೆ ಕೈ ತಡೆದ. “ಒಂದು ಮಾತೈತಿ. ಹೆಣಮಗಳು ಅಂದಮ್ಯಾಲೆ ತವರು ಅಂತ ಒಂದು ಇರಬೇಕು. ನಾಗರ ಪಂಚಮಿಗಿ ಕರ್ಯಾಕ ಬರ್ತೀನಿ. ಆಗ ನೀ ಇಲ್ಲ ಅನ್ನಬಾರದು, ತಂಗೀ.”

“ಬಾ ಯಣ್ಣಾ,” ಎಂದಳು ಸಾಕಿದವಳು. ಹೇಳಿ ಹುಡುಗಿಯನ್ನು ಇನ್ನಷ್ಟು ಅಪ್ಪಿಕೊಂಡಳು.

ಹುಡುಗಿಯನ್ನು ಇನ್ನು ಬೇಲಿಯ ಹತ್ತಿರ ಬಿಡಬಾರದು, ಶಾಲೆಗೆ ಹಾಕಬೇಕು ಎಂಬ ಷರತ್ತಿನ ಮೇಲೆ ಆದೇಶವಾಯಿತು. ಗಂಡ ಹೆಂಡತಿ ನೆಲದ ಕಾಳು ಆರಿಸಿ ಗಂಟು ಕಟ್ಟಿಕೊಂಡು ಹೋದರು. ಎಲ್ಲ ಚೆನ್ನಾಗಿಯೇ ಮುಗಿದಂತಿತ್ತು. ಆದರೆ ನನಗೆ ನೆಮ್ಮದಿ ಹತ್ತಲಿಲ್ಲ. ಪಂಚಮಿಗೆ ಎಂದು ಕರೆದೊಯ್ದವನು ತಿರುಗಿ ಕಳಿಸದೇ ಹೋದರೆ? ಊರವರ ಎದುರು ಮಗಳ ಕೈ ಹಿಡಿದು ನಡೆದ ಮೇಲೆ ಬಿಡಲು ಮನಸ್ಸಾಗದಿದ್ದರೆ? ಹೆಬ್ಬೆಟ್ಟಿನ ಕಾಗದ ಸಿರುಗುಪ್ಪದಿಂದ ಹುಡುಗಿಯನ್ನು ಎತ್ತಿ ತರುವುದಿಲ್ಲ.

ಶ್ರಾವಣ ಬಂತು. ಒಂದು ಬೆಳಿಗ್ಗೆ ಆ ಹೆಂಗಸು ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಕುರುಗೋಡಿನಿಂದ ನಸುಕಿನಲ್ಲೇ ಹೊರಟು ಬಂದಿದ್ದಳು. “ಕರಕೊಂಡು ಹೋದ್ನ್ರಿ,” ಎಂದಳು. “ಗಾಡಿ ಕಟ್ಟಿಕೊಂಡು ಬಂದಿದ್ದ. ಆಕಿ ನಕ್ಕೋತ ಹತ್ತಿ ಕುಂತ್ಲು. ಹಿಂದಕ ತಿರುಗಿ ಸುದ್ದಾ ನೋಡ್ಲಿಲ್ಲ.” ದೊಡ್ಡವ್ವ ಅವಳನ್ನು ಒಳಗೆ ಕರೆದು ಉಣ್ಣಲು ಹಾಕಿದಳು. ಅವಳೂ ನನ್ನ ಹಾಗೆಯೇ ಕೂತು ಎದ್ದು ಮಾಡುತ್ತಿದ್ದಳು. ನಾನು ಕೋಟು ಹಾಕಿಕೊಂಡು ಬಸ್ ನಿಲ್ದಾಣದವರೆಗೂ ಹೋದೆ. ಹಬ್ಬದ ಮನೆಗೆ ಸರ್ಕಾರಿ ವಕೀಲ ಹೋಗಿ ನಿಂತರೆ ಇರುವುದೂ ಕೆಟ್ಟೀತು ಎಂದುಕೊಂಡು ತಿರುಗಿ ಬಂದೆ. ಅವಳು ಕುರುಗೋಡಿಗೆ ಮರಳಿದಳು; ನಾನು ಮರುದಿನವೂ ನಿಲ್ದಾಣಕ್ಕೆ ಹೋಗಿ, ತಿರುಗಿ ಬಂದೆ.

ನೂಲು ಹುಣ್ಣಿಮೆಯ ಹಿಂದಿನ ದಿನ ಅವನು ಹುಡುಗಿಯನ್ನು ಕುರುಗೋಡಿಗೆ ತಂದು ಬಿಟ್ಟನೆಂದು ಸಾಕಿದವಳೇ ಆಮೇಲೆ ಬಂದು ಹೇಳಿದಳು. ಗಾಡಿಯಲ್ಲಿ ಎರಡನೆಯ ಹೆಂಡತಿಯೂ ಮಕ್ಕಳೂ ಇದ್ದರು. ಹುಡುಗಿಗೆ ಹೊಸ ಲಂಗ ಉಡಿಸಿ, ಎಣ್ಣೆ ಹಚ್ಚಿ ಜಡೆ ಹಾಕಿದ್ದರು. ಮಡಿಲಲ್ಲಿ ಎಳ್ಳುಂಡೆಯ ಗಂಟು. ಎಲ್ಲರೂ ಒಳಗೆ ಕೂತು ರೊಟ್ಟಿ ತಿಂದರು. ಎತ್ತಿಗೆ ನೀರು ಕುಡಿಸಿ, ಹೊತ್ತಿರುವಾಗಲೇ ಅವರು ಹುಡುಗಿಯನ್ನು ಅವ್ವನ ಹತ್ತಿರ ಬಿಟ್ಟು ಸಿರುಗುಪ್ಪದ ದಾರಿ ಹಿಡಿದರು.